ಸ್ಲೊವಾಕಿಯಾದ ಇಂದಿನ ಜಗಳದಲ್ಲಿ ಒಂಬತ್ತನೇ ಶತಮಾನದ ಸಂತರಿಗೇನು ಕೆಲಸ?

2025ರ ಸೆಪ್ಟೆಂಬರ್ 26ರಂದು ಸ್ಲೊವಾಕಿಯಾದ ಸಂಸತ್ತು ತನ್ನ ಸಂವಿಧಾನಕ್ಕೆ ಒಂದು ತಿದ್ದುಪಡಿ ಮಾಡಿತು. ಗಂಡು, ಹೆಣ್ಣು ಎರಡೇ ಲಿಂಗ. ಬಾಡಿಗೆ ತಾಯ್ತನಕ್ಕೆ ನಿಷೇಧ. ದತ್ತು ತೆಗೆದುಕೊಳ್ಳುವ ಅವಕಾಶ ಹೆಚ್ಚೂಕಮ್ಮಿ ಮದುವೆಯಾದ ಗಂಡ-ಹೆಂಡತಿಗೆ ಮಾತ್ರ. ಸುದ್ದಿ ಓದಿದವರಿಗೆ ಗೊತ್ತಾದದ್ದು ಇಷ್ಟು. ಆದರೆ ಯುರೋಪಿನ ಕಾನೂನು ಪಂಡಿತರು ತಲೆ ಕೆಡಿಸಿಕೊಂಡದ್ದು ಅದೇ ತಿದ್ದುಪಡಿಯ ಇನ್ನೊಂದು ಸಾಲಿನ ಬಗ್ಗೆ. ರಾಷ್ಟ್ರದ ಗುರುತಿಗೆ ಸಂಬಂಧಪಟ್ಟ ವಿಷಯಗಳಲ್ಲಿ, ಅದರಲ್ಲೂ ಕುಟುಂಬ, ಮದುವೆ, ಭಾಷೆ, ಸಂಸ್ಕೃತಿ, ಶಿಕ್ಷಣದಂಥ ಮೂಲಭೂತ ಪ್ರಶ್ನೆಗಳಲ್ಲಿ, ಸ್ಲೊವಾಕಿಯಾ ತನ್ನ ಸಾರ್ವಭೌಮ ಹಕ್ಕನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ ಅನ್ನುವ ಸಾಲು ಅದು. ಯುರೋಪಿಯನ್ ಒಕ್ಕೂಟದ ಸದಸ್ಯ ದೇಶವೊಂದು ಹೀಗೆ ಸಂವಿಧಾನದಲ್ಲೇ ಬರೆದುಕೊಂಡರೆ ಒಕ್ಕೂಟದ ಕಾನೂನಿಗೆ ಬೆಲೆ ಎಲ್ಲಿ ಉಳಿಯಿತು ಅಂತ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನವರು ಕೇಳುತ್ತಿದ್ದಾರೆ.

ಗೊಂದಲ ಇಷ್ಟಕ್ಕೇ ನಿಲ್ಲುವುದಿಲ್ಲ. ಇದನ್ನು ತಂದ ಪ್ರಧಾನಿ ರಾಬರ್ಟ್ ಫಿತ್ಸೊ ಎಡಪಂಥೀಯ ಅಂತ ಕರೆದುಕೊಳ್ಳುವ ಪಕ್ಷದ ನಾಯಕ. ಹಿಂದೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದವರು. ಅಂಥವರು ಹಿರಿಯರಿಂದ ಬಂದ ಆಧ್ಯಾತ್ಮಿಕ ಪರಂಪರೆಯನ್ನು ಕಾಪಾಡುತ್ತೇವೆ ಅನ್ನುತ್ತಾರೆ. ಬೇರೆಲ್ಲ ವಿಷಯಗಳಲ್ಲಿ ಅವರನ್ನು ವಿರೋಧಿಸುವ ಕ್ರಿಶ್ಚಿಯನ್ ಡೆಮಾಕ್ರಾಟ್ ಪಕ್ಷ ಇದೊಂದಕ್ಕೆ ಕೈ ಎತ್ತುತ್ತದೆ. 150 ಸದಸ್ಯರ ಸದನದಲ್ಲಿ ಬೇಕಿದ್ದದ್ದು 90 ಮತ, ಬಿದ್ದದ್ದೂ ಸರಿಯಾಗಿ 90. ಆಡಳಿತ ಪಕ್ಷಗಳ ಕೈಯಲ್ಲಿ ಅಷ್ಟು ಮತ ಇರಲಿಲ್ಲ, ವಿರೋಧ ಪಕ್ಷದವರೇ ದಡ ಮುಟ್ಟಿಸಿದರು.

ಹಾಗಾದರೆ ಈ 'ರಾಷ್ಟ್ರದ ಗುರುತು' ಅಂದರೆ ಏನು? ತಿದ್ದುಪಡಿ ಅದನ್ನು ಬಿಡಿಸಿ ಹೇಳುವುದಿಲ್ಲ. ಹುಡುಕುತ್ತಾ ಹೋದರೆ ಅದೇ ಸಂವಿಧಾನದ ಪೀಠಿಕೆಗೆ ಬಂದು ನಿಲ್ಲುತ್ತೇವೆ. ಅಲ್ಲಿ ಎರಡು ಹೆಸರುಗಳಿವೆ: ಸಿರಿಲ್ ಮತ್ತು ಮೆಥೋಡಿಯಸ್. ಒಂಬತ್ತನೇ ಶತಮಾನದ ಗ್ರೀಕ್ ಸೋದರರು, ಧರ್ಮ ಪ್ರಚಾರಕ್ಕೆ ಬಂದವರು, ಆಮೇಲೆ ಸಂತರಾದವರು.

ಪೀಠಿಕೆಯಲ್ಲಿ ಸಂತರು, ಮೊದಲ ವಿಧಿಯಲ್ಲಿ ಧರ್ಮವಿಲ್ಲ

ಸ್ಲೊವಾಕಿಯಾದ ಸಂವಿಧಾನ ಅಂಗೀಕಾರವಾದದ್ದು 1992ರ ಸೆಪ್ಟೆಂಬರ್ 1ರಂದು, ಚೆಕೊಸ್ಲೊವಾಕಿಯಾ ಒಡೆಯುವುದಕ್ಕೆ ನಾಲ್ಕು ತಿಂಗಳ ಮೊದಲು. ಪೀಠಿಕೆ ಶುರುವಾಗುವುದೇ 'ನಾವು, ಸ್ಲೊವಾಕ್ ಜನಾಂಗ' ಅಂತ. ಸಿರಿಲ್ ಮತ್ತು ಮೆಥೋಡಿಯಸ್ ಅವರ ಆಧ್ಯಾತ್ಮಿಕ ಪರಂಪರೆಯನ್ನೂ ಮಹಾ ಮೊರಾವಿಯಾ ರಾಜ್ಯ (ಒಂಬತ್ತನೇ ಶತಮಾನದಲ್ಲಿ ಈ ಭಾಗದಲ್ಲಿದ್ದ ಸ್ಲಾವ್ ಜನರ ರಾಜ್ಯ) ಬಿಟ್ಟುಹೋದ ಚಾರಿತ್ರಿಕ ಬಳುವಳಿಯನ್ನೂ ನೆನೆದು ಈ ಸಂವಿಧಾನ ಒಪ್ಪಿಕೊಂಡಿದ್ದೇವೆ ಅಂತ ಅಲ್ಲಿ ಬರೆದಿದೆ. ಪುಟ ತಿರುವಿದರೆ ಮೊದಲ ವಿಧಿ: ಈ ದೇಶ ಯಾವ ಸಿದ್ಧಾಂತಕ್ಕೂ ಯಾವ ಧರ್ಮಕ್ಕೂ ಕಟ್ಟುಬಿದ್ದಿಲ್ಲ.

ಎರಡೂ ಒಟ್ಟಿಗೆ ಹೇಗೆ ನಿಲ್ಲುತ್ತವೆ? ಹೊರಗಿನವರಿಗೆ ಇದು ವಿರೋಧಾಭಾಸದಂತೆ ಕಾಣುತ್ತದೆ. ಬಹಳಷ್ಟು ಸ್ಲೊವಾಕರಿಗೆ ಹಾಗೆ ಅನ್ನಿಸುವುದಿಲ್ಲ, ಯಾಕೆಂದರೆ ಅಲ್ಲಿ ಈ ಇಬ್ಬರು ಚರ್ಚಿನ ಸಂತರಷ್ಟೇ ಅಲ್ಲ, ರಾಷ್ಟ್ರದ ಮೂಲಪುರುಷರ ಹಾಗೂ ಹೌದು. ದೇಶದ ಲಾಂಛನದಲ್ಲಿ, ಧ್ವಜದಲ್ಲಿ, ಯೂರೋ ನಾಣ್ಯದಲ್ಲಿ ಇರುವ ಎರಡು ಅಡ್ಡಪಟ್ಟಿಯ ಶಿಲುಬೆಯನ್ನು ಜನ ಇವರ ಕಾಲಕ್ಕೇ ಜೋಡಿಸುತ್ತಾರೆ. ಯೂರೋ ಬರುವ ಮೊದಲು 50 ಕೊರುನಾ ನೋಟಿನ ಮೇಲೆ ಇವರದೇ ಚಿತ್ರವಿತ್ತು. ನಿತ್ರಾ ಮತ್ತು ತ್ರ್ನಾವಾ ಊರುಗಳ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಇವರ ಹೆಸರಿದೆ. ಜುಲೈ 5 ಸರ್ಕಾರಿ ರಜೆ. ಚರ್ಚಿಗೆ ಕಾಲಿಡದವರೂ ಆ ದಿನ ರಜೆ ತೆಗೆದುಕೊಳ್ಳುತ್ತಾರೆ, ಅದು ಬೇರೆ ವಿಷಯ ಅನ್ನಿ.

ಈ ನೆನಪು ಹೇಗೆ ಬೆಳೆಯಿತು ಅನ್ನುವುದನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಇವತ್ತಿನ ಜಗಳವೂ ಅರ್ಥವಾಗುತ್ತದೆ.

ರಾಜ ಗುರುಗಳನ್ನು ಕೇಳಿದ್ದು ಬರೀ ಭಕ್ತಿಯಿಂದಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಸ್ಲೊವಾಕಿಯಾಕ್ಕೆ ಕ್ರೈಸ್ತ ಧರ್ಮ ತಂದವರು ಈ ಸೋದರರಲ್ಲ. ಅವರು ಬರುವುದಕ್ಕೆ ಸುಮಾರು 35 ವರ್ಷ ಮೊದಲೇ, 828ರ ಆಸುಪಾಸಿನಲ್ಲಿ, ನಿತ್ರಾದಲ್ಲಿ ಪ್ರಿಬಿನಾ ಅನ್ನುವ ಸಾಮಂತನ ಊರಲ್ಲಿ ಸಾಲ್ಜ್‌ಬರ್ಗಿನ ಮಹಾಧರ್ಮಾಧ್ಯಕ್ಷರು ಒಂದು ಚರ್ಚನ್ನು ಪ್ರತಿಷ್ಠೆ ಮಾಡಿದ್ದರು. ಪಾದ್ರಿಗಳು ಪಶ್ಚಿಮದಿಂದ, ಫ್ರಾಂಕರ ನಾಡಿನಿಂದ (ಈಗಿನ ಜರ್ಮನಿಯ ಕಡೆಯಿಂದ) ಬರುತ್ತಿದ್ದರು. ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು.

ಸಮಸ್ಯೆ ಇದ್ದದ್ದೇ ಅಲ್ಲಿ. ಆ ಕಾಲದಲ್ಲಿ ಪಾದ್ರಿ ಅಂದರೆ ಪ್ರಾರ್ಥನೆ ಹೇಳಿಕೊಡುವವನು ಮಾತ್ರವಲ್ಲ. ಓದು ಬರಹ ಬಲ್ಲವನು ಅವನೊಬ್ಬನೇ. ಪತ್ರ ಬರೆಯುವವನು, ಒಪ್ಪಂದ ಓದುವವನು, ರಾಜನ ಕಿವಿಯಲ್ಲಿ ಮಾತಾಡುವವನು ಎಲ್ಲ ಅವನೇ. ಮೊರಾವಿಯಾದ ಪಾದ್ರಿಗಳು ಬವೇರಿಯಾದ ಬಿಷಪ್ಪರ ಕೈಕೆಳಗೆ ಇದ್ದರು, ಆ ಬಿಷಪ್ಪರು ಪಕ್ಕದ ಬಲಿಷ್ಠ ರಾಜ ಜರ್ಮನಿಯ ಲೂಯಿಯ ಕಡೆಯವರು. ಅಂದರೆ ಮೊರಾವಿಯಾದ ರಾಜ ರಾಸ್ತಿಸ್ಲಾವ್ ಯುದ್ಧದಲ್ಲಿ ಎಷ್ಟು ಗೆದ್ದರೂ ಅವನ ಚರ್ಚು ಮಾತ್ರ ವೈರಿಯ ಹಿಡಿತದಲ್ಲೇ ಇರುತ್ತಿತ್ತು. ಸ್ವಂತ ಬಿಷಪ್ ಇದ್ದರೆ ಈ ಹಿಡಿತ ತಪ್ಪುತ್ತದೆ ಅಂತ ಅವನ ಲೆಕ್ಕ.

ಅವನು ಮೊದಲು ಕೇಳಿದ್ದು ರೋಮಿನ ಪೋಪರನ್ನು. ಬೇಕಾದ ಉತ್ತರ ಬರಲಿಲ್ಲ. 862ರಲ್ಲಿ ಬೈಜಾಂಟಿಯಮ್ಮಿನ, ಅಂದರೆ ಕಾನ್‌ಸ್ಟಂಟಿನೋಪಲಿನಿಂದ ಆಳುತ್ತಿದ್ದ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿ ಮೂರನೇ ಮೈಕೇಲನಿಗೆ ಹೇಳಿಕಳಿಸಿದ: ನಮ್ಮ ಜನಕ್ಕೆ ಅರ್ಥವಾಗುವ ಮಾತಿನಲ್ಲಿ ಧರ್ಮ ಹೇಳಿಕೊಡುವವರನ್ನು ಕಳಿಸಿ. ಚಕ್ರವರ್ತಿ ಆರಿಸಿದ್ದು ಥೆಸಲೊನಿಕಿ ಊರಿನ ಸೋದರರನ್ನು. ತಮ್ಮ ಕಾನ್‌ಸ್ಟಂಟೈನ್ ದೊಡ್ಡ ವಿದ್ವಾಂಸ, 'ತತ್ತ್ವಜ್ಞಾನಿ' ಅಂತಲೇ ಹೆಸರು. ಸಿರಿಲ್ ಅನ್ನುವುದು ಸಾಯುವುದಕ್ಕೆ ಸ್ವಲ್ಪ ಮೊದಲು ಸನ್ಯಾಸ ತೆಗೆದುಕೊಂಡಾಗ ಇಟ್ಟುಕೊಂಡ ಹೆಸರು. ಅಣ್ಣ ಮೆಥೋಡಿಯಸ್ ಆಡಳಿತ ಕಂಡವನು. ಥೆಸಲೊನಿಕಿಯ ಸುತ್ತಮುತ್ತ ಸ್ಲಾವ್ ಜನ ತುಂಬಾ ಇದ್ದುದರಿಂದ ಇಬ್ಬರಿಗೂ ಆ ಮಾತು ಚೆನ್ನಾಗಿ ಬರುತ್ತಿತ್ತು.

ಕಾನ್‌ಸ್ಟಂಟೈನ್ ಆ ಭಾಷೆಗೆ ಒಂದು ಲಿಪಿಯನ್ನೇ ಕಟ್ಟಿದ. ಅದು ಗ್ಲಾಗೊಲಿಟಿಕ್ ಲಿಪಿ. ಈಗ ರಷ್ಯಾ, ಬಲ್ಗೇರಿಯಾಗಳಲ್ಲಿ ಬಳಸುವ ಸಿರಿಲಿಕ್ ಅವನ ಹೆಸರು ಹೊತ್ತಿದ್ದರೂ ಅವನು ಮಾಡಿದ್ದಲ್ಲ, ಆಮೇಲೆ ಬಲ್ಗೇರಿಯಾದಲ್ಲಿ ಹುಟ್ಟಿದ್ದು. 863ರಲ್ಲಿ ಇಬ್ಬರೂ ಮೊರಾವಿಯಾಕ್ಕೆ ಬಂದರು. ಶುಭಸಂದೇಶ, ಪ್ರಾರ್ಥನೆ, ಪೂಜಾವಿಧಿ ಎಲ್ಲವನ್ನೂ ಸ್ಲಾವ್ ಮಾತಿಗೆ ತಂದರು, ಶಿಷ್ಯರನ್ನು ತಯಾರು ಮಾಡಿದರು.

ಇದರಿಂದ ಫ್ರಾಂಕ್ ಪಾದ್ರಿಗಳಿಗೆ ಸಿಟ್ಟು ಬಂದದ್ದು ಸಹಜವೇ. ದೇವರನ್ನು ಹೊಗಳುವುದಕ್ಕೆ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂರೇ ಯೋಗ್ಯ ಭಾಷೆ ಅನ್ನುವ ವಾದ ಅವರದು. ವೆನಿಸ್‌ನಲ್ಲಿ ಕಾನ್‌ಸ್ಟಂಟೈನ್ ಇದೇ ವಾದವನ್ನು ಎದುರಿಸಿದ. ಅಲ್ಲಿಂದ ಸೋದರರು ಹೋದದ್ದು ರೋಮಿಗೆ. ಪೋಪ್ ಎರಡನೇ ಏಡ್ರಿಯನ್ ಸ್ಲಾವ್ ಪುಸ್ತಕಗಳಿಗೆ ಒಪ್ಪಿಗೆ ಕೊಟ್ಟರು. ಕಾನ್‌ಸ್ಟಂಟೈನ್ 869ರ ಫೆಬ್ರವರಿ 14ರಂದು ರೋಮಿನಲ್ಲೇ ತೀರಿಕೊಂಡ, ಸಾನ್ ಕ್ಲೆಮೆಂಟೆ ಚರ್ಚಿನಲ್ಲಿ ಸಮಾಧಿ. ಮೆಥೋಡಿಯಸ್ ಮಹಾಧರ್ಮಾಧ್ಯಕ್ಷನಾಗಿ ವಾಪಸ್ ಬಂದ.

ಇಲ್ಲಿ ಒಂದು ಸಂಗತಿ ಗಮನಿಸಿ, ಇವತ್ತಿನ ವಾದ ಪೂರ್ತಿ ಇದರ ಮೇಲೆ ನಿಂತಿದೆ. ರಾಸ್ತಿಸ್ಲಾವನಿಗೆ ಬೇಕಿದ್ದದ್ದು ಸ್ವಾತಂತ್ರ್ಯ, ಅದು ನಿಜ. ಆದರೆ ಅದನ್ನು ಅವನು ಬಾಗಿಲು ಹಾಕಿಕೊಂಡು ಹುಡುಕಲಿಲ್ಲ. ಹತ್ತಿರದ ದೊಡ್ಡವನಿಂದ ಬಿಡಿಸಿಕೊಳ್ಳಲು ದೂರದ ಇಬ್ಬರು ದೊಡ್ಡವರ ಮೊರೆ ಹೋದ, ಕಾನ್‌ಸ್ಟಂಟಿನೋಪಲಿನಿಂದ ಗುರುಗಳು, ರೋಮಿನಿಂದ ಮೊಹರು. ಸ್ವಂತ ಭಾಷೆಗೆ ಗೌರವ ಸಿಕ್ಕಿದ್ದು ಹೊರಗಿನ ಅಧಿಕಾರ ಒಪ್ಪಿದ ಮೇಲೆ.

ಕೆಲಸ ಊರಲ್ಲೇ ಮುರಿದುಬಿತ್ತು

870ರಲ್ಲಿ ರಾಸ್ತಿಸ್ಲಾವನನ್ನು ಅವನ ಸೋದರನ ಮಗ ಸ್ವಾಟೊಪ್ಲುಕನೇ ಹಿಡಿದುಕೊಟ್ಟ. ಫ್ರಾಂಕರು ಅವನ ಕಣ್ಣು ಕೀಳಿಸಿದರು. ಮೆಥೋಡಿಯಸ್‌ನನ್ನು ಬವೇರಿಯಾದ ಬಿಷಪ್ಪರು ಎರಡು ವರ್ಷಕ್ಕೂ ಜಾಸ್ತಿ ಬಂಧನದಲ್ಲಿಟ್ಟರು. ಪೋಪ್ ಎಂಟನೇ ಜಾನ್ ಗದರಿಸಿದ ಮೇಲೆ 873ರಲ್ಲಿ ಬಿಡುಗಡೆ. 880ರಲ್ಲಿ ಇದೇ ಪೋಪ್ ಸ್ವಾಟೊಪ್ಲುಕನಿಗೆ ಪತ್ರ ಬರೆದು ಸ್ಲಾವ್ ಪೂಜೆಗೆ ಮತ್ತೆ ಒಪ್ಪಿಗೆ ಕೊಟ್ಟರು. ಅದೇ ಸಮಯಕ್ಕೆ ಲ್ಯಾಟಿನ್ ಪಕ್ಷಪಾತಿಯಾದ ವಿಚಿಂಗ್ ನಿತ್ರಾದ ಬಿಷಪ್ಪನಾದ. ಸ್ವಾಟೊಪ್ಲುಕನಿಗೂ ಲ್ಯಾಟಿನ್ ಪೂಜೆಯೇ ಇಷ್ಟ, ಫ್ರಾಂಕರ ಜೊತೆ ಹೊಂದಿಕೊಂಡು ಹೋಗಬೇಕಿತ್ತಲ್ಲ.

885ರ ಏಪ್ರಿಲ್ 6ರಂದು ಮೆಥೋಡಿಯಸ್ ಸತ್ತ. ಹೊಸ ಪೋಪ್ ಐದನೇ ಸ್ಟೀಫನ್ ಸ್ಲಾವ್ ಪೂಜೆಯನ್ನು ನಿಷೇಧಿಸಿದರು. ಸ್ವಾಟೊಪ್ಲುಕನ ರಾಜ್ಯದಿಂದ ಶಿಷ್ಯರನ್ನೆಲ್ಲ ಹೊರಹಾಕಿದರು. ಅವರಲ್ಲಿ ಕ್ಲೆಮೆಂಟ್, ನೌಮ್ ಮುಂತಾದವರು ಬಲ್ಗೇರಿಯಾ ಸೇರಿದರು. ಆ ಕೆಲಸ ಅಲ್ಲಿ ಚಿಗುರಿ, ಅಲ್ಲಿಂದ ಕೀವ್ ತನಕ, ರಷ್ಯಾ ತನಕ ಹಬ್ಬಿತು. ಮಹಾ ಮೊರಾವಿಯಾ 907ರ ಹೊತ್ತಿಗೆ ಮಗ್ಯಾರರ (ಈಗಿನ ಹಂಗರಿಯವರ ಪೂರ್ವಜರ) ದಾಳಿಗೆ ಕುಸಿಯಿತು. ಈಗಿನ ಸ್ಲೊವಾಕಿಯಾ ಹಂಗರಿ ರಾಜ್ಯದ ಭಾಗವಾಗಿ ಸುಮಾರು ಸಾವಿರ ವರ್ಷ, 1918ರ ತನಕ, ಹಾಗೇ ಇತ್ತು. ಚರ್ಚು ಲ್ಯಾಟಿನ್ ಚರ್ಚೇ ಆಯಿತು.

ಸಂತರು ಬೇರೆಯವರೂ ಇದ್ದರು. ಹನ್ನೊಂದನೇ ಶತಮಾನದಲ್ಲಿ ನಿತ್ರಾ ಮತ್ತು ತ್ರೆಂಚಿನ್ ಸುತ್ತ ತಪಸ್ಸು ಮಾಡಿದ ಸ್ವೊರಾದ್ ಮತ್ತು ಬೆನೆಡಿಕ್ಟ್ ಅನ್ನುವ ಸನ್ಯಾಸಿಗಳಿಗೆ 1083ರಲ್ಲೇ ಸಂತ ಪದವಿ ಸಿಕ್ಕಿತ್ತು. ಇವರ ಆರಾಧನೆ ಈಗಲೂ ಇದೆ. ಆದರೆ ಸಂವಿಧಾನದಲ್ಲಿ ಇವರ ಹೆಸರಿಲ್ಲ. ಯಾಕೆ? ಇವರು ಹಂಗರಿ ರಾಜ್ಯದ ಕಾಲದವರು, ಹಂಗರಿಯವರಿಗೂ ಸಂತರು. ಸ್ಲೊವಾಕ್ ರಾಷ್ಟ್ರವಾದಿಗಳಿಗೆ ಬೇಕಾದದ್ದು ಹಂಗರಿಗಿಂತ ಹಳೆಯವರು.

ಬಿಳಿ ಕುದುರೆಯ ಕಥೆ ಮತ್ತು ಸಂತರ ಮರಳಿಕೆ

ನೆನಪು ರಾಜಕೀಯವಾದದ್ದು ಹದಿನೆಂಟನೇ ಶತಮಾನದಲ್ಲಿ. 1722ರಲ್ಲಿ ತ್ರ್ನಾವಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಮಿಹಾಯ್ ಬೆಂಚಿಕ್ ಒಂದು ವಾದ ಮುಂದಿಟ್ಟ. ಸ್ವಾಟೊಪ್ಲುಕ ತನ್ನ ನಾಡನ್ನು ಒಂದು ಬಿಳಿ ಕುದುರೆಗೆ ಮಗ್ಯಾರರಿಗೆ ಮಾರಿಬಿಟ್ಟ, ಹಾಗಾಗಿ ಅವನ ಜನ ಅಂದಿನಿಂದ ಆಳಿಸಿಕೊಳ್ಳುವವರು ಮಾತ್ರ, ಅವರಿಗೆ ಸಮಾನ ಹಕ್ಕು ಕೇಳುವ ಅಧಿಕಾರವಿಲ್ಲ. ಹಳೆಯ ದಂತಕಥೆಯನ್ನು ಕಾನೂನಿನ ವಾದಕ್ಕೆ ಬಳಸಿದ ಜಾಣ ಅವನು!

ಕ್ಯಾಥೊಲಿಕ್ ಪಾದ್ರಿ ಯಾನ್ ಬಾಲ್ತಜಾರ್ ಮಾಗಿನ್ 1728ರಲ್ಲಿ ಇದಕ್ಕೆ ಉತ್ತರ ಬರೆದ. ನಾವು ಸೋತ ಜನರಲ್ಲ, ಈ ನೆಲದಲ್ಲಿ ಮೊದಲೇ ಇದ್ದವರು ಅನ್ನುವುದು ಅವನ ಕಡೆಯ ವಾದ. ಅಲ್ಲಿಂದ ಮುಂದೆ ಇದನ್ನು ಬೆಳೆಸಿದವರಿಗೆ ದೊಡ್ಡ ಆಧಾರ ಸಿಕ್ಕಿದ್ದು ಸಿರಿಲ್ ಮತ್ತು ಮೆಥೋಡಿಯಸ್. ಮಗ್ಯಾರರು ಕುದುರೆ ಏರಿ ಬರುವ ಹೊತ್ತಿಗೆ ನಮ್ಮಲ್ಲಿ ಚರ್ಚಿತ್ತು, ಲಿಪಿಯಿತ್ತು, ನಮ್ಮ ಮಾತಿನ ಪೂಜೆಯಿತ್ತು ಅಂತ ಹೇಳಬಹುದಲ್ಲ! ಸ್ವಂತ ರಾಜವಂಶವಿಲ್ಲ, ಸ್ವಂತ ರಾಜ್ಯವಿಲ್ಲ, ನ್ಯಾಯಾಲಯಕ್ಕೆ ತೋರಿಸಲು ಹಳೆಯ ಸನದು ಇಲ್ಲ. ಹಾಗಿದ್ದಾಗ ಸಂತರೇ ದಾಖಲೆಯಾದರು.

ಹತ್ತೊಂಬತ್ತನೇ ಶತಮಾನದಲ್ಲಿ ಇದು ಕಾವ್ಯಕ್ಕೆ ಬಂತು. ಕ್ಯಾಥೊಲಿಕ್ ಪಾದ್ರಿ ಯಾನ್ ಹೊಲ್ಲಿ 1833ರಲ್ಲಿ ಸ್ವಾಟೊಪ್ಲುಕನ ಮೇಲೆ, 1835ರಲ್ಲಿ ಈ ಸೋದರರ ಮೇಲೆ ಮಹಾಕಾವ್ಯ ಬರೆದ. 1836ರಲ್ಲಿ ಲೂಥರನ್ (ಪ್ರೊಟೆಸ್ಟಂಟ್ ಪಂಥದ) ಯುವಕ ಲ್ಯುದೊವಿತ್ ಶ್ತೂರ್ ಗೆಳೆಯರನ್ನು ಕಟ್ಟಿಕೊಂಡು ಮಹಾ ಮೊರಾವಿಯಾ ಕಾಲದ ದೆವಿನ್ ಕೋಟೆ ಹತ್ತಿದ, ಅಲ್ಲಿ ಎಲ್ಲರೂ ಹೊಸ ಸ್ಲಾವ್ ಹೆಸರು ಇಟ್ಟುಕೊಂಡರು. ಮುಂದೆ ಸ್ಲೊವಾಕ್ ಬರಹ ಭಾಷೆಗೆ ಈಗಿನ ರೂಪದ ತಳಪಾಯ ಹಾಕಿದ್ದೂ ಇದೇ ಶ್ತೂರ್.

ಕ್ಯಾಥೊಲಿಕ್ ಮತ್ತು ಲೂಥರನ್ ಇಬ್ಬರ ಹೆಸರೂ ಬಂತು, ಗಮನಿಸಿದಿರಾ? ಸ್ಲೊವಾಕರೊಳಗೆ ದೊಡ್ಡ ಬಿರುಕಿದ್ದದ್ದು ಇದೇ. ಬರಹ ಭಾಷೆ ಯಾವುದಾಗಬೇಕು ಅನ್ನುವುದರಲ್ಲೂ ಇಬ್ಬರಿಗೂ ಒಮ್ಮತವಿರಲಿಲ್ಲ. ಆದರೆ ಸಿರಿಲ್, ಮೆಥೋಡಿಯಸ್ ಬದುಕಿದ್ದು ಲೂಥರ್ ಹುಟ್ಟುವುದಕ್ಕೆ ಆರು ಶತಮಾನ ಮೊದಲು, ರೋಮ್ ಮತ್ತು ಕಾನ್‌ಸ್ಟಂಟಿನೋಪಲ್ ಒಡೆದ 1054ಕ್ಕೂ ಮೊದಲು. ಕ್ಯಾಥೊಲಿಕರಿಗೆ ಅವರು ಪೋಪರ ಆಶೀರ್ವಾದ ಪಡೆದ ಸಂತರು. ಸಂತರ ಪೂಜೆ ಒಪ್ಪದ ಲೂಥರನ್ನರಿಗೆ ಜನರ ಮಾತಿನಲ್ಲಿ ಧರ್ಮಗ್ರಂಥ ಕೊಟ್ಟವರು. ಜಗಳವಾಡುವ ದಾಯಾದಿಗಳಿಗೂ ಮುತ್ತಾತ ಒಬ್ಬನೇ ಇದ್ದ ಹಾಗೆ. 1863ರ ಆಗಸ್ಟ್‌ನಲ್ಲಿ, ಸೋದರರು ಬಂದು ಸಾವಿರ ವರ್ಷವಾದ ವರ್ಷದಲ್ಲೇ, ಮಾರ್ಟಿನ್ ಊರಿನಲ್ಲಿ ಮಾತಿತ್ಸಾ ಸ್ಲೊವೆನ್ಸ್ಕಾ ಅನ್ನುವ ರಾಷ್ಟ್ರೀಯ ಸಾಂಸ್ಕೃತಿಕ ಸಂಸ್ಥೆ ಹುಟ್ಟಿತು. ಅಧ್ಯಕ್ಷ ಕ್ಯಾಥೊಲಿಕ್ ಬಿಷಪ್ ಶ್ತೆಫಾನ್ ಮೊಯ್ಜೆಸ್, ಉಪಾಧ್ಯಕ್ಷ ಲೂಥರನ್ ಪಾದ್ರಿ ಕಾರೊಲ್ ಕುಜ್ಮಾನಿ. 1875ರಲ್ಲಿ ಹಂಗರಿ ಸರ್ಕಾರ ಅದನ್ನು ಮುಚ್ಚಿಸಿತು. ಮುಚ್ಚಿಸಿದ್ದರಿಂದ ಸಂಸ್ಥೆ ಹೋಯಿತೇ ಹೊರತು ಸಂತರ ಹೆಸರಿನ ಬೆಲೆ ಇನ್ನೂ ಏರಿತು.

ಹೀಗೆ ಒಂಬತ್ತನೇ ಶತಮಾನದಲ್ಲಿ ಸೋತ ಕೆಲಸ ಹತ್ತೊಂಬತ್ತನೇ ಶತಮಾನದಲ್ಲಿ ನೆನಪಾಗಿ ಗೆದ್ದಿತು. ನಡುವಿನ ಒಂಬತ್ತು ನೂರು ವರ್ಷ ಒಂದೇ ಸಮನೆ ಹರಿದು ಬಂದ ಪರಂಪರೆ ಅಂತ ಯಾರಾದರೂ ಹೇಳಿದರೆ ಅದನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು.

ಒಂದೇ ಹೆಸರು, ಹಲವು ಕೈ

ಇಪ್ಪತ್ತನೇ ಶತಮಾನದಲ್ಲಿ ಈ ಬಳುವಳಿ ಬಗೆಬಗೆಯ ಕೈಗೆ ಸಿಕ್ಕಿತು. 1939ರಿಂದ 1945ರ ತನಕ ಹಿಟ್ಲರನ ನೆರಳಲ್ಲಿ ಇದ್ದ ಸ್ಲೊವಾಕ್ ರಾಜ್ಯದ ಅಧ್ಯಕ್ಷ ಯೋಜೆಫ್ ತಿಸೊ ಸ್ವತಃ ಕ್ಯಾಥೊಲಿಕ್ ಪಾದ್ರಿ. ಎರಡು ಅಡ್ಡಪಟ್ಟಿಯ ಶಿಲುಬೆ ಆ ಆಡಳಿತದ ಗುರುತೂ ಆಗಿತ್ತು. 1942ರಲ್ಲಿ ಅದು ಸುಮಾರು 58 ಸಾವಿರ ಯಹೂದಿಗಳನ್ನು ನಾಜಿ ಶಿಬಿರಗಳಿಗೆ ಸಾಗಿಸಿತು. ಕ್ರೈಸ್ತ ಪರಂಪರೆ ಮತ್ತು ರಾಷ್ಟ್ರ ಅನ್ನುವ ಎರಡು ಪದ ಒಟ್ಟಿಗೆ ಕೇಳಿದ ಕೂಡಲೇ ಅಲ್ಲಿನ ಉದಾರವಾದಿಗಳಿಗೆ ಯಾಕೆ ಕಸಿವಿಸಿಯಾಗುತ್ತದೆ ಅನ್ನುವುದಕ್ಕೆ ಕಾರಣ ಇದು.

ಕಮ್ಯುನಿಸ್ಟರ ಕಾಲದಲ್ಲಿ ತದ್ವಿರುದ್ಧ. 1950ರಲ್ಲಿ ಗ್ರೀಕ್ ಕ್ಯಾಥೊಲಿಕ್ ಚರ್ಚನ್ನು ಬಲವಂತವಾಗಿ ಆರ್ಥೊಡಾಕ್ಸ್ ಚರ್ಚಿಗೆ ಸೇರಿಸಿದರು, ಅದಕ್ಕೆ ಮತ್ತೆ ಉಸಿರು ಬಂದದ್ದು 1968ರಲ್ಲಿ. ಪೂರ್ವ ಸ್ಲೊವಾಕಿಯಾದ ಈ ಜನ ಪೋಪರನ್ನು ಒಪ್ಪುತ್ತಾರೆ, ಪೂಜೆ ಮಾತ್ರ ಬೈಜಾಂಟೈನ್ ರೀತಿ. ಹಾಗಾಗಿ ನಾವೇ ಸೋದರರ ನಿಜವಾದ ವಾರಸುದಾರರು ಅನ್ನುವ ಭಾವ ಅವರಲ್ಲಿದೆ. 1980ರ ಕೊನೆಯಲ್ಲಿ ಪೋಲೆಂಡ್ ಮೂಲದ ಪೋಪ್ ಎರಡನೇ ಜಾನ್ ಪಾಲ್ ಈ ಇಬ್ಬರನ್ನು ಇಡೀ ಯುರೋಪಿನ ಪಾಲಕ ಸಂತರು ಅಂತ ಘೋಷಿಸಿದರು. ಯುರೋಪಿನ ಅರ್ಧ ಭಾಗ ಕಮ್ಯುನಿಸ್ಟ್ ಆಡಳಿತದ 'ಕಬ್ಬಿಣದ ತೆರೆ'ಯ ಹಿಂದಿದ್ದ ಕಾಲ ಅದು. ಘೋಷಣೆಯ ಅರ್ಥ ಎಲ್ಲರಿಗೂ ತಿಳಿಯಿತು. 1985ರಲ್ಲಿ ಮೆಥೋಡಿಯಸ್ ಸತ್ತು 1100 ವರ್ಷ. ಈಗ ಚೆಕ್ ದೇಶದಲ್ಲಿರುವ ವೆಲೆಹ್ರಾದ್‌ಗೆ ಲಕ್ಷಕ್ಕೂ ಹೆಚ್ಚು ಜನ ಯಾತ್ರೆ ಬಂದರು, ಸ್ಲೊವಾಕರು ಬಸ್ಸುಗಟ್ಟಲೆ ಹೋಗಿದ್ದರು. ಸರ್ಕಾರದ ಸಂಸ್ಕೃತಿ ಸಚಿವ ಭಾಷಣದಲ್ಲಿ ಸೋದರರನ್ನು ಬರೀ ಸಂಸ್ಕೃತಿಯ ವ್ಯಕ್ತಿಗಳಂತೆ ಹೊಗಳಲು ಹೋದಾಗ ಜನ ಕೂಗಿ, ಸೀಟಿ ಹಾಕಿ ಅಡ್ಡಿ ಮಾಡಿದರು. 'ಸಂತ' ಅನ್ನು ಅಂತ ಅವರ ಒತ್ತಾಯ.

ಆಮೇಲೆ 2010ರ ಜೂನ್‌ನಲ್ಲಿ, ಚುನಾವಣೆಗೆ ಕೆಲವೇ ದಿನ ಇರುವಾಗ, ಬ್ರಾಟಿಸ್ಲಾವಾ ಕೋಟೆಯ ಅಂಗಳದಲ್ಲಿ ಸ್ವಾಟೊಪ್ಲುಕನ ಕುದುರೆ ಸವಾರಿಯ ಪ್ರತಿಮೆ ಎದ್ದಿತು. ಆಗಲೂ ಪ್ರಧಾನಿ ಫಿತ್ಸೊ ಅವರೇ. 'ಪ್ರಾಚೀನ ಸ್ಲೊವಾಕರ ರಾಜ' ಅಂತ ಬರೆದದ್ದಕ್ಕೆ ಇತಿಹಾಸಕಾರರು ತಕರಾರು ತೆಗೆದರು, ಒಂಬತ್ತನೇ ಶತಮಾನದಲ್ಲಿ ಸ್ಲೊವಾಕ್ ಅನ್ನುವ ಪ್ರತ್ಯೇಕ ಜನಾಂಗವೇ ಇರಲಿಲ್ಲ ಅಂತ. ನನಗೆ ಇದಕ್ಕಿಂತ ಸ್ವಾರಸ್ಯ ಅನ್ನಿಸುವುದು ಬೇರೆ. ಸಿರಿಲ್-ಮೆಥೋಡಿಯಸ್ ಪರಂಪರೆಯ ಹೆಸರು ಹೇಳುವ ದೇಶ, ಅವರ ಶಿಷ್ಯರನ್ನು ಯಾರ ಆಳ್ವಿಕೆಯಲ್ಲಿ ಓಡಿಸಲಾಯಿತೋ ಅದೇ ರಾಜನ ಪ್ರತಿಮೆಯನ್ನು ಕೋಟೆಯಲ್ಲಿ ನಿಲ್ಲಿಸಿಕೊಂಡಿದೆ. ರಾಜ ಮತ್ತು ಸಂತರು ಒಂದೇ ಸಾಲಿನಲ್ಲಿ ನಿಂತದ್ದು ಹತ್ತೊಂಬತ್ತನೇ ಶತಮಾನದ ಕಾವ್ಯದಲ್ಲಿ, ಇತಿಹಾಸದಲ್ಲಲ್ಲ.

ನಾಣ್ಯದ ಗಲಾಟೆ ಹೇಳಿಕೊಟ್ಟ ಪಾಠ

ಬ್ರಸೆಲ್ಸ್ ಜೊತೆಗಿನ ಜಗಳಕ್ಕೆ ಒಂದು ಚಿಕ್ಕ ಮುನ್ನುಡಿ ಮೊದಲೇ ಆಗಿತ್ತು. 2013ಕ್ಕೆ ಸೋದರರು ಬಂದು 1150 ವರ್ಷ. ಅದರ ನೆನಪಿಗೆ ಸ್ಲೊವಾಕಿಯಾ ಎರಡು ಯೂರೋ ನಾಣ್ಯ ತರಲು ಹೊರಟಿತು. ವಿನ್ಯಾಸದಲ್ಲಿ ಸಂತರ ತಲೆಯ ಸುತ್ತ ಪ್ರಭಾವಳಿ ಇತ್ತು, ಉಡುಪಿನ ಮೇಲೆ ಶಿಲುಬೆಗಳಿದ್ದವು. ನಾಣ್ಯ ಯೂರೋ ವಲಯವೆಲ್ಲ ಓಡಾಡುವಂಥದ್ದು, ಧರ್ಮದ ವಿಷಯದಲ್ಲಿ ತಟಸ್ಥವಾಗಿರಲಿ ಅಂತ ಒಕ್ಕೂಟದ ಆಡಳಿತ ಅಂಗವಾದ ಯುರೋಪಿಯನ್ ಕಮಿಷನ್ ಮತ್ತು ಕೆಲವು ಸದಸ್ಯ ದೇಶಗಳು ಹೇಳಿದವು. ಸ್ಲೊವಾಕಿಯಾದ ಕೇಂದ್ರ ಬ್ಯಾಂಕ್ 2012ರ ಕೊನೆಯಲ್ಲಿ ಅವನ್ನು ತೆಗೆಯಲು ಮೊದಲು ಒಪ್ಪಿತು. ದೇಶದೊಳಗೆ ಕೋಲಾಹಲವೆದ್ದಿತು. ಬ್ಯಾಂಕ್ ಹಿಂದೆ ಸರಿದು ಮೂಲ ವಿನ್ಯಾಸಕ್ಕೇ ಮರಳಿತು, ನಾಣ್ಯ ಪ್ರಭಾವಳಿ ಸಮೇತ ಬಂತು.

ಪರಿಣಾಮ? ಬ್ರಸೆಲ್ಸ್ ನಮ್ಮ ಸಂತರ ಪ್ರಭಾವಳಿಗೂ ಕೈ ಹಾಕುತ್ತದೆ ಅನ್ನುವ ಕಥೆ ಜನರ ಮನಸ್ಸಲ್ಲಿ ಕೂತಿತು. ವಾದ ಮಾಡಲು ಉದ್ದುದ್ದ ಕಾನೂನು ಬೇಕಿಲ್ಲ, ಜೇಬಿನಿಂದ ನಾಣ್ಯ ತೆಗೆದು ತೋರಿಸಿದರೆ ಸಾಕು.

ಈಗ ಯಾರು ಏನು ಹೇಳುತ್ತಿದ್ದಾರೆ

ತಿದ್ದುಪಡಿಯ ಪರ ಇರುವ ಕ್ರಿಶ್ಚಿಯನ್ ಡೆಮಾಕ್ರಾಟರ ನಿಲುವು ಅರ್ಥಮಾಡಿಕೊಳ್ಳಲು ಕಷ್ಟವಿಲ್ಲ. ಮದುವೆ ಅಂದರೆ ಗಂಡು-ಹೆಣ್ಣಿನ ಬಂಧ ಅಂತ ಸಂವಿಧಾನಕ್ಕೆ ಸೇರಿಸಲು 2014ರಲ್ಲೂ ಇದೇ ಪಕ್ಷ ಇದೇ ಫಿತ್ಸೊ ಜೊತೆ ಕೈ ಜೋಡಿಸಿತ್ತು. ಕುಟುಂಬ, ನೀತಿ ಇವು ದೇಶದೇಶಕ್ಕೆ ಬಿಟ್ಟ ವಿಷಯ ಅಂತ ಒಕ್ಕೂಟದ ಒಪ್ಪಂದಗಳೇ ಹೇಳುತ್ತವೆ, ನಾವು ಅದನ್ನು ಗಟ್ಟಿ ಮಾಡಿದ್ದೇವೆ ಅಷ್ಟೇ ಅನ್ನುವುದು ಅವರ ಮಾತು. ಒಪ್ಪಂದದ 4ನೇ ವಿಧಿ ಸದಸ್ಯ ದೇಶಗಳ ರಾಷ್ಟ್ರೀಯ ಗುರುತನ್ನು ಗೌರವಿಸಬೇಕು ಅನ್ನುತ್ತದೆ, ಅದು ಸುಳ್ಳಲ್ಲ.

ಫಿತ್ಸೊ ಅವರ ಲೆಕ್ಕ ಬೇರೆ ಅಂತ ವಿರೋಧಿಗಳು ಹೇಳುತ್ತಾರೆ, ನನಗೂ ಹಾಗೇ ಕಾಣುತ್ತದೆ. ಅವರು ಈ ಪ್ರಸ್ತಾಪ ಮುಂದಿಟ್ಟದ್ದು 2025ರ ಜನವರಿಯಲ್ಲಿ. 2024ರ ಡಿಸೆಂಬರ್‌ನಲ್ಲಿ ಅವರು ಮಾಸ್ಕೋಗೆ ಹೋಗಿ ಪುಟಿನ್‌ರನ್ನು ಕಂಡು ಬಂದ ಮೇಲೆ ಬೀದಿಬೀದಿಯಲ್ಲಿ ಪ್ರತಿಭಟನೆ ನಡೆಯುತ್ತಿದ್ದ ಸಮಯ ಅದು. ರಷ್ಯಾದ ವಿಷಯದಲ್ಲಿ ಒಂದಾಗಿದ್ದ ವಿರೋಧ ಪಕ್ಷಗಳು ಲಿಂಗ, ಮದುವೆ ಅಂದ ಕೂಡಲೇ ಎರಡಾದವು. ಆಮೇಲೆ ಅಕ್ಟೋಬರ್‌ನಲ್ಲಿ ಯುರೋಪಿನ ಸಮಾಜವಾದಿ ಪಕ್ಷಗಳ ಕೂಟ ಫಿತ್ಸೊ ಪಕ್ಷವನ್ನು ಹೊರಹಾಕಿತು. ಮನೆಯೊಳಗೆ ಅದರಿಂದ ಅವರಿಗೆ ನಷ್ಟವಾದಂತೆ ಕಾಣುವುದಿಲ್ಲ.

ಪ್ರಗತಿಪರರು ಮತ್ತು ಮಾನವ ಹಕ್ಕು ಸಂಘಟನೆಗಳ ಆತಂಕ ಎರಡು. ಲಿಂಗ ಬದಲಾಯಿಸಿಕೊಂಡವರ, ಸಲಿಂಗ ಜೋಡಿಗಳ ದಿನನಿತ್ಯದ ಬದುಕಿಗೆ ಕಷ್ಟ ಅನ್ನುವುದು ಮೊದಲನೆಯದು. ಗುರುತು ಅನ್ನುವ ಪದ ಎಷ್ಟು ಸಡಿಲ ಅಂದರೆ ನಾಳೆ ಯಾವ ವಿಷಯವನ್ನಾದರೂ ಅದರೊಳಗೆ ತುಂಬಬಹುದು ಅನ್ನುವುದು ಎರಡನೆಯದು. ಯುರೋಪಿನ ಸಂವಿಧಾನ ತಜ್ಞರ ವೆನಿಸ್ ಕಮಿಷನ್ ಕೂಡ ಪದಗಳ ಅಸ್ಪಷ್ಟತೆ ಬಗ್ಗೆ ಮತದಾನಕ್ಕೆ ಮೊದಲೇ ಎಚ್ಚರಿಸಿತ್ತು.

ಇನ್ನೊಂದು ಗುಂಪಿದೆ, ಅದರ ಬಗ್ಗೆ ಮಾತು ಕಮ್ಮಿ. ಸ್ಲೊವಾಕಿಯಾದಲ್ಲಿ ಸುಮಾರು 4.2 ಲಕ್ಷ ಹಂಗೇರಿಯನ್ನರಿದ್ದಾರೆ. ಅವರ ರಾಷ್ಟ್ರೀಯ ಸಂತ ಹಂಗರಿಯ ಮೊದಲ ರಾಜ ಸ್ಟೀಫನ್. ಪೀಠಿಕೆ ಅವರನ್ನು 'ಜೊತೆಗೆ ಇರುವ ಅಲ್ಪಸಂಖ್ಯಾತರು' ಅಂತ ಸೇರಿಸಿಕೊಳ್ಳುತ್ತದೆ. 'ನಾವು' ಅನ್ನುವುದರೊಳಗೆ ನೇರವಾಗಿ ಬರುವುದು ಸ್ಲೊವಾಕರು. ಮುಸ್ಲಿಮರ ಸ್ಥಿತಿ ಇನ್ನೂ ಬಿಗಿ. 2017ರಿಂದ ಯಾವುದೇ ಹೊಸ ಧರ್ಮ ಸರ್ಕಾರಿ ಮಾನ್ಯತೆ ಪಡೆಯಲು 50 ಸಾವಿರ ಸದಸ್ಯರು ಬೇಕು. ಮೊದಲು 20 ಸಾವಿರ ಇತ್ತು. ಇಸ್ಲಾಮಿಗೆ ಅಲ್ಲಿ ಮಾನ್ಯತೆ ಇಲ್ಲ.

ಭಕ್ತಿ ಇಳಿಯುತ್ತಿದೆ, ಗುರುತು ಏರುತ್ತಿದೆ

ಜನಗಣತಿಯ ಅಂಕಿ ನೋಡಿ. ರೋಮನ್ ಕ್ಯಾಥೊಲಿಕರು 2001ರಲ್ಲಿ ಶೇ. 68.9, 2011ರಲ್ಲಿ ಶೇ. 62, 2021ರಲ್ಲಿ ಶೇ. 55.8. ಧರ್ಮವಿಲ್ಲ ಅಂದವರು 2011ರಲ್ಲಿ ಶೇ. 13.4, ಹತ್ತೇ ವರ್ಷದಲ್ಲಿ ಶೇ. 23.8. ಲೂಥರನ್ನರು ಶೇ. 5.3, ಗ್ರೀಕ್ ಕ್ಯಾಥೊಲಿಕರು ಶೇ. 4, ಆರ್ಥೊಡಾಕ್ಸ್ ಶೇ. 1ಕ್ಕೂ ಕಮ್ಮಿ.

ಚರ್ಚಿಗೆ ಹೋಗುವವರು ಕಡಿಮೆಯಾಗುತ್ತಿರುವಾಗ ಸಂವಿಧಾನದಲ್ಲಿ ಪರಂಪರೆಯ ಬೇಲಿ ಎತ್ತರವಾಗುತ್ತಿದೆ. ಇವೆರಡಕ್ಕೂ ಸಂಬಂಧವಿದೆ ಅಂತ ನನ್ನ ಓದು. ಜನರೇ ಪಾಲಿಸುತ್ತಿರುವ ನಂಬಿಕೆಗೆ ಕಾನೂನಿನ ಕಾವಲು ಅಷ್ಟಾಗಿ ಬೇಕಿಲ್ಲ. ಅದು ಕರಗುತ್ತಿದೆ ಅನ್ನಿಸಿದಾಗಲೇ ಅದಕ್ಕೆ ಐದನೇ ಮೂರರ ಬಹುಮತದ ಬೀಗ ಹಾಕುವ ಆತುರ ಹುಟ್ಟುತ್ತದೆ. ಪಕ್ಕದ ಚೆಕ್ ದೇಶ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅದೇ ಸೋದರರು, ಅದೇ ಜುಲೈ 5ರ ರಜೆ, ಮೊರಾವಿಯಾದ ಬಹುಭಾಗ ಇರುವುದೂ ಅಲ್ಲೇ. ಆದರೆ ಚೆಕ್ಕರಿಗೆ ಸ್ವಂತ ರಾಜ್ಯದ, ರಾಜರ ನೆನಪು ಬೇಕಾದಷ್ಟಿತ್ತು. ಸಂತರನ್ನು ಸಂವಿಧಾನಕ್ಕೆ ಎಳೆಯುವ ಅಗತ್ಯ ಬರಲಿಲ್ಲ.

ಚರ್ಚಿನೊಳಗೂ ಬೇರೆ ದನಿ ಇದೆ. ಪೋಪ್ ಫ್ರಾನ್ಸಿಸ್ 2021ರ ಸೆಪ್ಟೆಂಬರ್‌ನಲ್ಲಿ ಬ್ರಾಟಿಸ್ಲಾವಾಕ್ಕೆ ಬಂದಾಗ ಪಾದ್ರಿಗಳಿಗೆ ಈ ಸೋದರರನ್ನೇ ತೋರಿಸಿ, ಇಂದಿನ ಜನಕ್ಕೆ ನಂಬಿಕೆ ತಲುಪಿಸಲು ಹೊಸ ವರ್ಣಮಾಲೆಗಳನ್ನು ಹುಡುಕಿ ಅಂತ ಹೇಳಿದ್ದರು. ಕೋಟೆ ಕಟ್ಟಿ ಅಂತ ಹೇಳಿರಲಿಲ್ಲ.

ಮುಂದೇನಾಗಬಹುದು

ತಿದ್ದುಪಡಿ 2025ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದೇ ತಿಂಗಳು ಎರಡು ಬೆಳವಣಿಗೆಯಾದವು. ಒಕ್ಕೂಟದ ಕಾನೂನೇ ಮೇಲು ಅನ್ನುವ ತತ್ತ್ವಕ್ಕೆ ಧಕ್ಕೆಯಾಗಿದೆ ಅಂತ ಯುರೋಪಿಯನ್ ಕಮಿಷನ್ ಸ್ಲೊವಾಕಿಯಾ ವಿರುದ್ಧ ಕ್ರಮ ಶುರುಮಾಡಿ ನೋಟಿಸ್ ಕೊಟ್ಟಿತು. 1964ರಿಂದ ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯ ಹೇಳಿಕೊಂಡು ಬಂದ ತತ್ತ್ವ ಅದು. ಇನ್ನೊಂದು, ಒಂದು ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ಮದುವೆಯಾದ ಸಲಿಂಗ ಜೋಡಿಯ ಮದುವೆಯನ್ನು ಇನ್ನೊಂದು ಸದಸ್ಯ ದೇಶವೂ ಮಾನ್ಯ ಮಾಡಬೇಕು ಅಂತ ಪೋಲೆಂಡಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು.

ಎರಡನ್ನೂ ಜೋಡಿಸಿ ನೋಡಿ. ಬರ್ಲಿನ್‌ನಲ್ಲೋ ವಿಯೆನ್ನಾದಲ್ಲೋ ಮದುವೆಯಾದ ಸ್ಲೊವಾಕ್ ಜೋಡಿಯೊಂದು ಊರಿಗೆ ಬಂದು ಅರ್ಜಿ ಹಾಕುತ್ತದೆ ಅಂತಿಟ್ಟುಕೊಳ್ಳಿ. ನೋಂದಣಿ ಕಚೇರಿಯ ಗುಮಾಸ್ತ ಏನು ಮಾಡಬೇಕು? ಲಕ್ಸೆಂಬರ್ಗಿನ ತೀರ್ಪು ಒಪ್ಪಿಕೋ ಅನ್ನುತ್ತದೆ, ಸಂವಿಧಾನ ಇದು ನಮ್ಮ ಗುರುತಿನ ವಿಷಯ ಅನ್ನುತ್ತದೆ. ಅರ್ಜಿ ತಳ್ಳಿಹೋದರೆ ಕೇಸು ಕೆಳಗಿನ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿನ ನ್ಯಾಯಾಧೀಶರು ಒಕ್ಕೂಟದ ಕಾನೂನನ್ನು ಪಾಲಿಸಿದರೆ ಸಂವಿಧಾನ ಮೀರಿದಂತೆ, ಪಾಲಿಸದಿದ್ದರೆ ಒಪ್ಪಂದ ಮೀರಿದಂತೆ. ಕೊನೆಗೆ ಅದು ಸಂವಿಧಾನ ನ್ಯಾಯಾಲಯಕ್ಕೆ ಬಂದೇ ಬರುತ್ತದೆ.

ಆ ನ್ಯಾಯಾಲಯದ ಮುಂದೆ ಎರಡು ದಾರಿ ಇದೆ. ಗುರುತು ಅನ್ನುವುದನ್ನು ಚಿಕ್ಕದಾಗಿ ಓದಿ, ಒಕ್ಕೂಟದ ಕಾನೂನಿನ ಜೊತೆ ಹೊಂದಿಸಿಕೊಂಡು ಹೋಗಬಹುದು. ಹೀಗೆ ಮಾಡಿದರೆ ತಿದ್ದುಪಡಿ ಹೆಚ್ಚಾಗಿ ಘೋಷಣೆಯಾಗಿ ಉಳಿಯುತ್ತದೆ, ಕಮಿಷನ್‌ನ ಕ್ರಮವೂ ಸಡಿಲವಾಗಬಹುದು. ಅಗಲವಾಗಿ ಓದಿದರೆ 2021ರಲ್ಲಿ ಪೋಲೆಂಡಿನ ಸಂವಿಧಾನ ನ್ಯಾಯಾಲಯ ಒಕ್ಕೂಟದ ಕೆಲವು ನಿಯಮಗಳನ್ನು ತಳ್ಳಿಹಾಕಿ ಶುರುಮಾಡಿದ ಜಗಳದ ದಾರಿ ಅದು. ಅಗಲವಾಗಿ ಓದಬೇಕು ಅನ್ನುವವರು ಪೀಠಿಕೆಯ ಸಂತರನ್ನು ಖಂಡಿತ ಸಾಕ್ಷಿಗೆ ಕರೆಯುತ್ತಾರೆ. ಎದುರು ಪಕ್ಷದ ವಕೀಲರೂ ಅವರನ್ನೇ ಕರೆಯಬಹುದು: ಥೆಸಲೊನಿಕಿಯಲ್ಲಿ ಹುಟ್ಟಿ, ಕಾನ್‌ಸ್ಟಂಟಿನೋಪಲ್ ಕಳಿಸಿ, ರೋಮ್ ಮೊಹರು ಹಾಕಿದವರು ಅಂತ. 2014ರ ಮದುವೆಯ ವಿಧಿಯನ್ನು ಮುಟ್ಟದೆ ಈ ಪ್ರಶ್ನೆಗೆ ಉತ್ತರ ಬರೆಯುವುದು ಆ ನ್ಯಾಯಾಧೀಶರಿಗೆ ಸುಲಭವಾಗಲಾರದು. ತಿದ್ದುಪಡಿಯನ್ನು ವಾಪಸ್ ತೆಗೆಯಬೇಕೆಂದರೂ ಮತ್ತೆ ಅದೇ 90 ಮತ ಬೇಕು. 2027ರ ಚುನಾವಣೆಯಲ್ಲಿ ಸರ್ಕಾರ ಬದಲಾದರೂ ಕ್ರಿಶ್ಚಿಯನ್ ಡೆಮಾಕ್ರಾಟರಿಲ್ಲದೆ ಹೊಸ ಕೂಟಕ್ಕೆ ಅಷ್ಟು ಮತ ಸಿಗುವ ಸಾಧ್ಯತೆ ತೀರಾ ಕಮ್ಮಿ.